ಹಕಾರದ ತಕರಾರು

೯ ಫೆಬ್ರವರಿ, ಭಾನುವಾರ

ಪ್ರೀತಿಯ ಪ್ರತಿಪಕ್ಷಕ್ಕೆ,

ಆಡಳಿತ ಪಕ್ಷದ ಆಶೀರ್ವಾದಗಳು. ಏಳನೆಯ ವಯಸ್ಸಿನಲ್ಲಿ ಊಟದ ತಟ್ಟೆಯ ಮುಂದೆ ಎದುರು ವಾದಿಸಿ ನೀನು ಗಳಿಸಿದ ಬಿರುದು ಇನ್ನೂ ಚಾಲ್ತಿಯಲ್ಲಿದೆ. ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಉಳಿದದ್ದು ನನ್ನ ತಪ್ಪು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಕಲಿತ ಮೊದಲ ಪಾಠ ಅದೇ: ಸೋಲುವ ಅಂಶವನ್ನು ನಾವೇ ಮುಂಚಿತವಾಗಿ ಬಿಟ್ಟುಕೊಟ್ಟರೆ ಎದುರಾಳಿಯ ಬಾಯಿಗೆ ಬೀಗ ಬೀಳುತ್ತದೆ.

ವಿಳಂಬಕ್ಕೆ ಕಾರಣವೂ ಇದೆ. ಈ ಪತ್ರವನ್ನು ನಾನು ಯಾರಿಗೂ ಹೇಳಿ ಬರೆಸಿಲ್ಲ, ನಾನೇ ಟೈಪ್ ಮಾಡಿದ್ದೇನೆ. ಒಂದೊಂದು ಕೀಲಿ ಒತ್ತಿದಾಗಲೂ ಕಂಪ್ಯೂಟರ್ ಆ ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತದೆ. ಅದರ ಉಚ್ಚಾರದಲ್ಲಿ ದೋಷವಿಲ್ಲ. ಆದರೆ ‘ಪ್ರೀತಿಯ’ ಎಂಬುದನ್ನೂ ‘ನೋಟೀಸು’ ಎಂಬುದನ್ನೂ ಒಂದೇ ದನಿಯಲ್ಲಿ ಹೇಳುವ ಜೀವಿ ಅದು. ಪಕ್ಕದಲ್ಲಿ ಕುಳಿತು ಕೇಳಿದ ನಿನ್ನ ಅಮ್ಮ, “ನಿಮ್ಮ ತರಾನೇ ಇದೆ ಬಿಡಿ” ಎಂದಳು. ಅವಳಿಗೆ ಈಗ ಔಷಧಿ ಅಂಗಡಿಯಲ್ಲಿ ಬೆಳಗಿನ ಪಾಳಿ ಮಾತ್ರ. ಮೂವತ್ತು ವರ್ಷ ವೈದ್ಯರ ಕೈಬರಹ ಓದಿದವಳಿಗೆ ನನ್ನ ಮುಖ ಓದುವುದು ಯಾವ ಮಹಾ ಕೆಲಸ! ನಾನು ಮೊದಲಿಗಿಂತ ಚೆನ್ನಾಗಿದ್ದೇನೆ ಎಂದು ಅವಳು ನಿನಗೆ ಫೋನಿನಲ್ಲಿ ಹೇಳಿದ್ದರೆ, ಆ ಸಾಕ್ಷ್ಯವನ್ನು ನಂಬಬಹುದು.

ಇದಕ್ಕೆ ಹೊಣೆ ನೀನು ಕಳಿಸಿದ, ಪುಸ್ತಕ ಕೇಳಿಸುವ ಯಂತ್ರ. ನಿನ್ನ ತಮ್ಮ ಹೋದ ಮೇಲೆ ಎರಡು ವರ್ಷ ನಾನು ಯಾವ ಪುಸ್ತಕದ ಗೊಡವೆಗೂ ಹೋಗಿರಲಿಲ್ಲ, ನಿನಗೆ ಗೊತ್ತು. ಕಣ್ಣು ಹೋದದ್ದು ನೆಪ; ಮನಸ್ಸೇ ಇರಲಿಲ್ಲ. ಯಂತ್ರ ಆರು ವಾರ ಪೆಟ್ಟಿಗೆಯಲ್ಲೇ ಕುಳಿತಿತ್ತು. ಕೊನೆಗೆ ನಿನ್ನ ಅಮ್ಮ ನನ್ನನ್ನು ಬಸ್ಸು ಹತ್ತಿಸಿ ದೃಷ್ಟಿಹೀನರ ಗ್ರಂಥಾಲಯಕ್ಕೆ ಕರೆದೊಯ್ದಳು. ಸದಸ್ಯನಾಗಲು ವೈದ್ಯರ ಪ್ರಮಾಣಪತ್ರ ಬೇಕಂತೆ. ಕಣ್ಣಿಲ್ಲದವನಿಗೆ ಕಣ್ಣಿಲ್ಲವೆಂದು ಕಣ್ಣಿರುವವರು ಬರೆದುಕೊಡಬೇಕು. ಇದರ ಮೇಲೆ ಅರ್ಧ ಗಂಟೆ ಮಾತಾಡಬಲ್ಲೆ. ಆದರೆ ಗ್ರಂಥಪಾಲಕಿ ಸಂಯಮದ ಹೆಂಗಸು, ನನ್ನ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಅರ್ಜಿಯನ್ನು ತಾನೇ ತುಂಬಿ ಮುಗಿಸಿದ್ದಳು.

ಮಗಳೇ, ಈಗ ನನ್ನ ಅಂಗೈಯಷ್ಟಿರುವ ಪೆಟ್ಟಿಗೆಯಲ್ಲಿ ನಲವತ್ತು ಪುಸ್ತಕಗಳಿವೆ. ಒಂದು ಗುಂಡಿ ಅಧ್ಯಾಯ ದಾಟಿಸುತ್ತದೆ, ಇನ್ನೊಂದು ವಾಕ್ಯ ದಾಟಿಸುತ್ತದೆ. ಮೂರು ವಾರದಲ್ಲಿ ಏಳು ಪುಸ್ತಕ ಮುಗಿಸಿದೆ. ಆ ಗ್ರಂಥಾಲಯದಲ್ಲಿ ಒಂದು ಹಳೆಯ ಪದ್ಧತಿಯಿದೆ: ಪುಸ್ತಕ ಓದಿಕೊಡುವವರು ತಮ್ಮ ಹೆಸರು ಹೇಳುವಂತಿಲ್ಲ, ಕಸುಬು ಮಾತ್ರ ಹೇಳಬೇಕು. ಹೆಸರು ಹೇಳಿದರೆ ಹೊಗಳಿಕೆಯ ಆಸೆ ಹುಟ್ಟುತ್ತದೆಂದು ಹಿಂದಿನವರು ಮಾಡಿದ ನಿಯಮವಂತೆ. ಹೀಗೆ ನನಗೊಬ್ಬ ಬಸ್ ಚಾಲಕ ಒಂದು ಜೀವನಚರಿತ್ರೆ ಓದಿದ, ಒಬ್ಬ ದಂತವೈದ್ಯೆ ಪತ್ತೇದಾರಿ ಕಾದಂಬರಿ ಓದಿದಳು. ಬುಧವಾರಗಳಂದು ಬ್ರೈಲ್ ತರಗತಿಗೂ ಹೋಗುತ್ತೇನೆ. ಕಲಿಸುವವರು ಹುಟ್ಟಿನಿಂದ ಕಣ್ಣು ಕಾಣದ ಒಬ್ಬ ಕರಡು ತಿದ್ದುವವರು. ಎಲ್ಲರೂ ಚುಕ್ಕಿ ಮೇಷ್ಟ್ರು ಎನ್ನುತ್ತಾರೆ. ಆರು ಚುಕ್ಕಿಗಳಲ್ಲಿ ಇಡೀ ವರ್ಣಮಾಲೆ! ಅಲ್ಲಿ ಒತ್ತಕ್ಷರಕ್ಕೆ ಕೆಳಮನೆಯಿಲ್ಲ, ಎಲ್ಲ ಅಕ್ಷರಗಳೂ ಒಂದೇ ಸಾಲಿನಲ್ಲಿ ಸಮಾನವಾಗಿ ಕೂರುತ್ತವೆ. ನನ್ನ ಬೆರಳು ಮಾತ್ರ ಒಂದು ಸಾಲಿಗೆ ಎರಡು ನಿಮಿಷ ತೆಗೆದುಕೊಳ್ಳುತ್ತದೆ. “ಬೆರಳಿಗೂ ವಯಸ್ಸಾಗುತ್ತೆ ಯಜಮಾನ್ರೇ, ಬಯ್ಯಬೇಡಿ, ಮುದ್ದು ಮಾಡಿ” ಎನ್ನುತ್ತಾರೆ ಮೇಷ್ಟ್ರು.

ಇಲ್ಲಿಯವರೆಗೆ ಸುಖವೇ. ಎಂಟನೆಯ ಪುಸ್ತಕದಲ್ಲಿ ತಕರಾರು ಹುಟ್ಟಿತು. ಅದು ಸೇತುವೆ ಬಂದು ಕೆಲಸ ಕಳೆದುಕೊಂಡ ಒಬ್ಬ ದೋಣಿಗಾರನ ಕಥೆ. ಹಿಂದೊಮ್ಮೆ ಅರ್ಧಕ್ಕೆ ನಿಂತಿದ್ದ ಪುಸ್ತಕ. ಏಕೆ ನಿಂತಿತು ಎಂಬುದು ಇಲ್ಲಿ ಬೇಡ. ಅದರ ಮೊದಲ ವಾಕ್ಯ ನನಗೆ ಬಾಯಿಪಾಠ: “ಹಳೆಯ ಹೊಳೆ ಹರಿಯುವ ಹಾದಿಗೆ ಅಡ್ಡಲಾಗಿ ಹೊಸ ಸೇತುವೆ ಬಂದಿತು.” ಯಂತ್ರದಲ್ಲಿ ಒಂದು ಹೆಣ್ಣುದನಿ, “ಓದುತ್ತಿರುವವರು, ಲಾಂಡ್ರಿಯವರು” ಎಂದು ಪರಿಚಯ ಹೇಳಿ ಓದತೊಡಗಿತು: “ಅಳೆಯ ಒಳೆ ಅರಿಯುವ ಆದಿಗೆ ಅಡ್ಡಲಾಗಿ ಒಸ ಸೇತುವೆ ಬಂದಿತು.”

ಒಂದೇ ವಾಕ್ಯದಲ್ಲಿ ಐದು ಹಕಾರಗಳ ಹತ್ಯೆ. ನಾನು ಯಂತ್ರವನ್ನು ಅಲ್ಲಿಗೇ ನಿಲ್ಲಿಸಿದೆ. ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದು, ತಪ್ಪು ತಕ್ಕಡಿಗೆ ಒಮ್ಮೆಯೂ ಮುದ್ರೆ ಒತ್ತದವನು ನಾನು. ನಿನ್ನ ತಮ್ಮನಿಗೂ ಹಕಾರ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಅವನನ್ನೇ ನಾನು ಬಿಟ್ಟವನಲ್ಲ. ಮರುದಿನವೇ ಗ್ರಂಥಾಲಯಕ್ಕೆ ನಾಲ್ಕು ಪುಟದ ಲಿಖಿತ ಆಕ್ಷೇಪಣೆ ಕಳಿಸಿದೆ.

ಅದರ ಫಲ ಇಷ್ಟು. ಲಿಖಿತ ಆಕ್ಷೇಪಣೆ ಬಂದರೆ ಆ ಪುಸ್ತಕವನ್ನು ಕಪಾಟಿನಿಂದ ಹಿಂದಕ್ಕೆ ಪಡೆಯಬೇಕೆಂಬ ನಿಯಮವಿದೆಯಂತೆ. ಹನ್ನೊಂದು ಸದಸ್ಯರು ಅದನ್ನು ಅರ್ಧ ಕೇಳಿದ್ದರು. ಆ ಹೆಂಗಸು ಆರು ವರ್ಷಗಳಲ್ಲಿ ಹತ್ತೊಂಬತ್ತು ಪುಸ್ತಕ ಓದಿಕೊಟ್ಟಿದ್ದಾಳೆ, ಯಾರೂ ಚಕಾರ ಎತ್ತಿರಲಿಲ್ಲ. ಈಗ ಜೂನ್ ಕೊನೆಯೊಳಗೆ ತಿದ್ದಿ ಮತ್ತೆ ಓದಿಕೊಡದಿದ್ದರೆ ಅವಳಿಗೆ ಇನ್ನು ಪುಸ್ತಕ ಕೊಡುವಂತಿಲ್ಲ. ಬುಧವಾರ ತರಗತಿಗೆ ಹೋದಾಗ ಚುಕ್ಕಿ ಮೇಷ್ಟ್ರು ಎಲ್ಲರ ಎದುರಿಗೇ ಕೇಳಿದರು: “ಹನ್ನೊಂದು ಜನ ನಡುನೀರಲ್ಲಿ ದೋಣಿ ಮೇಲೆ ಕೂತಿದ್ದೀವಿ ಯಜಮಾನ್ರೇ. ದಡ ಯಾವಾಗ?”

ನಿನ್ನೆ ಆ ಹೆಂಗಸೇ ಫೋನ್ ಮಾಡಿದಳು. ಜಗಳಕ್ಕೆ ಸಿದ್ಧನಾಗಿಯೇ ಫೋನ್ ಎತ್ತಿದೆ. “ಏಳಿ ಸಾರ್, ಎಲ್ಲೆಲ್ಲಿ ತಪ್ಪಾಗಿದೆ, ಏಳಿ” ಎಂದಳು. ನಾನು ಕುರ್ಚಿಯಿಂದ ಎದ್ದು ನಿಂತೆ. ಅವಳು ‘ಹೇಳಿ’ ಎನ್ನುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ನಿನ್ನ ಅಮ್ಮ ಅಡುಗೆಮನೆಯಲ್ಲಿ ನಕ್ಕು ನಕ್ಕು ಸುಸ್ತಾಗಿದ್ದಳು. ಹಾಗೆ ನಿಂತುಕೊಂಡೇ, ಕಲಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ಭಾನುವಾರ ಮೊದಲ ಪಾಠ. ನಿನ್ನ ವಿರೋಧವಿದ್ದರೆ ದಾಖಲಿಸು.

ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ಅಪ್ಪ


೨೭ ಏಪ್ರಿಲ್, ಭಾನುವಾರ

ಪ್ರೀತಿಯ ಪ್ರತಿಪಕ್ಷಕ್ಕೆ,

ನಿನ್ನ ಉತ್ತರ ಒಂದೇ ಸಾಲು: “ಅಪ್ಪಾ, ತಕರಾರು ವಾಪಸ್ ತಗೊಳ್ಳಿ.” ವಾದವಿಲ್ಲ, ಆಧಾರವಿಲ್ಲ, ತೀರ್ಪು ಮಾತ್ರ. ಇಂಥದಕ್ಕೆ ಏನು ಉತ್ತರಿಸುವುದೆಂದು ತೋಚದೆ ಎರಡು ತಿಂಗಳು ಕಳೆದೆ, ಕ್ಷಮಿಸು.

ಲಾಂಡ್ರಿ ಗ್ರಂಥಾಲಯದ ಹಿಂದಿನ ಬೀದಿಯಲ್ಲಿದೆ. ಭಾನುವಾರ ಮಧ್ಯಾಹ್ನ ಬಾಗಿಲು ಅರ್ಧ ಇಳಿಸಿ, ಒಗೆದು ಇಸ್ತ್ರಿಯಾದ ಕೋಟುಗಳ ಸಾಲಿನ ನಡುವೆ ಸ್ಟೂಲು ಹಾಕಿಕೊಂಡು ಆಕೆ ಓದುತ್ತಾಳೆ. ಸುತ್ತ ಬಟ್ಟೆ ತೂಗಿದ್ದರೆ ದನಿ ಗೋಡೆಗೆ ಬಡಿಯುವುದಿಲ್ಲ, ಸ್ಟುಡಿಯೋದಂತೆ ಸ್ಪಷ್ಟ. ಒಳಗೆ ಹೋದಾಗ ನನ್ನ ಮುಖಕ್ಕೆ ಯಾರು ಯಾರದೋ ತೋಳುಗಳು ತಾಗಿದವು. “ಇದು ಯಾರ ಮದುವೆ?” ಎಂದೆ. “ಬಂದೋರೆಲ್ಲ ಗಂಡಿನ ಕಡೆಯವ್ರೇ ಸಾರ್, ಎಲ್ಲಾ ಬರೀ ಕೋಟು” ಎಂದಳು. ಅಲ್ಲಿಗೆ ನನ್ನ ಅರ್ಧ ಸಿಟ್ಟು ಇಳಿಯಿತು.

ಹಕಾರವೆಂದರೆ ಉಸಿರು, ಗಾಜಿನ ಮೇಲೆ ಬಾಯಿಂದ ಬಿಸಿಯುಸಿರು ಬಿಡುವಂತೆ ಉಚ್ಚರಿಸಬೇಕು ಎಂದು ವಿವರಿಸಿದೆ. ಆಕೆ ಕ್ಷಣ ಯೋಚಿಸಿ, “ಇಸ್ತ್ರಿ ಪೆಟ್ಟಿಗೆ ಅಬೆ ಬಿಟ್ಟಂಗಾ?” ಎಂದಳು. ಹಬೆ ಎನ್ನಲೂ ಹಕಾರ ಬಾರದವಳು ಎಷ್ಟು ಸರಿಯಾದ ಉಪಮೆ ಕೊಟ್ಟಳು ನೋಡು! ಆಮೇಲಿನ ವಾರವೆಲ್ಲ ಹಬೆ ಅತಿಯಾಯಿತು. ಗಿರಾಕಿಯೊಬ್ಬರಿಗೆ, “ಹಂಗಿ ಹಿಸ್ತ್ರಿ ಹಾಗಿದೆ” ಎಂದಳಂತೆ. ಆ ಗಿರಾಕಿ ಈಗ ಎದುರಿನ ರಸ್ತೆಯ ಲಾಂಡ್ರಿಗೆ ಹೋಗುತ್ತಾರೆ. ಅದಕ್ಕೆ ನಾನು ಜೋಡಿಪದಗಳ ಪಟ್ಟಿ ಮಾಡಿದೆ: ಹಕ್ಕಿ-ಅಕ್ಕಿ, ಹತ್ತು-ಅತ್ತು, ಹಸು-ಅಸು, ಹರಸು-ಅರಸು. ಒಂದು ಉಸಿರು ಬಿಟ್ಟುಹೋದರೆ ಆಶೀರ್ವಾದ ಮಾಡುವವನು ಹುಡುಕಿಕೊಂಡು ಅಲೆಯುವವನಾಗುತ್ತಾನೆ ಎಂದು ಕೊನೆಯ ಜೋಡಿಯನ್ನು ವಿವರಿಸಿದೆ. “ಎರಡೂ ಅಪ್ಪಂದಿರ ಕೆಲಸಾನೇ ಅಲ್ವಾ ಸಾರ್” ಎಂದಳು. ಪಾಠ ಮುಂದುವರಿಸಿದೆ.

ಒಂದು ತೊಡಕಿತ್ತು. ಅವಳು ಓದುವಾಗ ಮೂಲ ಪುಸ್ತಕದಲ್ಲಿ ಏನಿದೆಯೆಂದು ನನಗೆ ಕಾಣದು. ಕಾಣದೆ ತಿದ್ದುವುದು ಹೇಗೆ? ಚುಕ್ಕಿ ಮೇಷ್ಟ್ರು ಅದೇ ಕಾದಂಬರಿಯ ಬ್ರೈಲ್ ಪ್ರತಿ ತಂದುಕೊಟ್ಟರು. ಮುದ್ರಣದಲ್ಲಿ ಜೇಬಿಗೆ ಹೋಗುವಂಥ ಪುಸ್ತಕ, ಬ್ರೈಲಿನಲ್ಲಿ ಐದು ದಪ್ಪ ಸಂಪುಟ, ಹೊತ್ತು ತಂದ ನಿನ್ನ ಅಮ್ಮ, “ದೋಣೀನೂ ಒಳಗಿಟ್ಟಿದ್ದಾರಾ?” ಎಂದು ಕೇಳಿದಳು. ದಡ ಸೇರಲು ಕಾಯುತ್ತಿದ್ದ ಹನ್ನೊಂದು ಮಂದಿಯಲ್ಲಿ ಮೇಷ್ಟ್ರೂ ಒಬ್ಬರು. ಕಾಯುವುದಕ್ಕಿಂತ ಇಲ್ಲೇ ಕೂತು ಕೇಳುತ್ತೇನೆಂದು ಅವರೂ ಭಾನುವಾರ ಬರತೊಡಗಿದರು.

ಆಕೆ ಓದುತ್ತಾಳೆ, ನನ್ನ ಬೆರಳು ಚುಕ್ಕಿಗಳ ಮೇಲೆ ಹಿಂಬಾಲಿಸುತ್ತದೆ. ಆದರೆ ನನ್ನ ಬೆರಳು ಆಮೆ. ಅವಳು ಪ್ರತಿ ಪದಕ್ಕೂ ನನಗಾಗಿ ಕಾಯಬೇಕಾಯಿತು. ಮೊದಲ ದಿನ ನಾನು ಸಂಕೋಚದಿಂದ ಮುದುಡಿಹೋದೆ. ಮೂರನೆಯ ವಾರ ಆಶ್ಚರ್ಯಪಟ್ಟೆ. ಕಾಯುತ್ತ ಕಾಯುತ್ತ ಅವಳು ಮುಂದಿನ ಪದವನ್ನು ಮೊದಲೇ ಕಣ್ಣಲ್ಲಿ ಹಿಡಿದಿಡುತ್ತಿದ್ದಳು, ಹಕಾರ ತಾನಾಗಿ ಬರುತ್ತಿತ್ತು. ಇಷ್ಟು ದಿನ ಅವಳ ನಾಲಿಗೆಗೆ ತಿಳಿಯದೆ ಇರಲಿಲ್ಲ, ಅವಸರವಿತ್ತು ಅಷ್ಟೇ. ನನ್ನ ನಾಲ್ಕು ಪುಟದ ಪಾಂಡಿತ್ಯ ಮಾಡದ ಕೆಲಸವನ್ನು ನನ್ನ ಬೆರಳಿನ ಮೊದ್ದುತನ ಮಾಡಿತು.

ಇನ್ನು ನನ್ನ ಸೋಲಿನ ವೃತ್ತಾಂತ. ನೀನು ಇದನ್ನು ಎರಡು ಸಲ ಓದುತ್ತೀಯೆಂದು ಬಲ್ಲೆ. ಕಳೆದ ಭಾನುವಾರ ಆಕೆ ಓದಿದಳು: “ದೋಣಿಗೆ ಅರಿದ ಹಾಯಿ ಕಟ್ಟಿದ.” ನನ್ನ ಬೆರಳಿಗೆ ಸಿಕ್ಕದ್ದು ‘ಏರಿದ ಹಾಯಿ’. ತಡೆದು, ಪದವೇ ತಪ್ಪು, ಅದು ‘ಏರಿದ’ ಎಂದೆ.

“ಇಲ್ಲ ಸಾರ್, ಅರಿದ ಅಂತಾನೇ ಇದೆ.”

“ನನ್ನ ಬೆರಳಿನ ಕೆಳಗಿದೆಯಮ್ಮ. ಏರಿದ.”

“ಏರಿದ ಹಾಯೀನ ಯಾಕ್ ಸಾರ್ ಒಲೀತಾನೆ ಮುಂದಿನ ಸಾಲಲ್ಲಿ? ಬಟ್ಟೆ ಅರಿಯೋದು ಲಾಂಡ್ರಿಯವಳಿಗೆ ಗೊತ್ತಿಲ್ವಾ?”

ನಾನು ಸಭೆಯ ಮುಂದೆ ನಿಂತವನಂತೆ ಹತ್ತು ನಿಮಿಷ ಮಾತಾಡಿದೆ. ಏರಿದ ಹಾಯಿ ಮನುಷ್ಯನ ಅದಮ್ಯ ಆಶಯದ ಸಂಕೇತವೆಂದೂ ಸಾಧಿಸಿದೆ. ಕೋಟುಗಳು ಅಲುಗಲಿಲ್ಲ. ಆಗ ಮೇಷ್ಟ್ರು ಕೈ ಚಾಚಿ ಸಂಪುಟ ಎಳೆದುಕೊಂಡರು. ಅವರ ಬೆರಳು ಆ ಸಾಲಿನ ಮೇಲೆ ಒಮ್ಮೆ ಹಾದುಹೋಗುವ ಸದ್ದು ಕೇಳಿಸಿತು. ಹಕಾರಕ್ಕೆ ಒಂದು, ಎರಡು, ಐದನೆಯ ಚುಕ್ಕಿಗಳು. ಏಕಾರಕ್ಕೆ ಒಂದು ಮತ್ತು ಐದು ಮಾತ್ರ. ಎರಡನೆಯ ಚುಕ್ಕಿಯನ್ನು ನನ್ನ ಬೆರಳು ದಾಟಿಹೋಗಿತ್ತು.

“ಹರಿದ,” ಎಂದರು ಮೇಷ್ಟ್ರು. “ಯಜಮಾನ್ರೇ, ನಿಮ್ಮ ಬೆರಳಿಗೂ ಹಕಾರ ಬರಲ್ವಲ್ಲ.”

ನಾನು ಮೊದಲು ನಗಲಿಲ್ಲ. ಆಮೇಲೆ ಮೂವರೂ ನಕ್ಕೆವು, ಬಾಗಿಲಾಚೆ ಹೋಗುವವರು ನಿಂತು ನೋಡುವಷ್ಟು. ಆದರೆ ಮನೆಗೆ ಬರುವ ಬಸ್ಸಿನಲ್ಲಿ, ನನ್ನನ್ನು ಕರೆದೊಯ್ಯಲು ಬಂದಿದ್ದ ನಿನ್ನ ಅಮ್ಮ, ಇವತ್ತು ಯಾಕೆ ಮಾತಿಲ್ಲ ಎಂದು ಕೇಳಿದಳು. ಬೆರಳು ನೋಯುತ್ತಿದೆ ಎಂದೆ.

ಪ್ರಯೋಗಾಲಯದ ಕೆಲಸದ ಮಧ್ಯೆ ಊಟ ತಪ್ಪಿಸಬೇಡ. ಮಕ್ಕಳಿಗೆ ತಾತನ ಮುತ್ತುಗಳು.

ನಿನ್ನ ಅಪ್ಪ


೬ ಜುಲೈ, ಭಾನುವಾರ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂದ ವಾರದಲ್ಲೇ ಬರೆಯುತ್ತಿದ್ದೇನೆ, ಈ ಸಲ ತಡವಾಗಿಲ್ಲ ಎಂಬುದನ್ನು ಗಮನಿಸು. ಸುದ್ದಿ ಶುಭವಾಗಿದ್ದರೆ ಬೆರಳೂ ಚುರುಕಾಗುತ್ತದೆ.

ಜೂನ್ ಇಪ್ಪತ್ತೆರಡಕ್ಕೆ ಪುಸ್ತಕ ಪೂರ್ತಿ ಮುಗಿಯಿತು. ಹೊಸ ಓದನ್ನು ನಾನು ಆದ್ಯಂತ ಕೇಳಿದೆ. ಹಕಾರಗಳೆಲ್ಲ ಹಾಜರು. ಅಲ್ಲಲ್ಲಿ ಇಸ್ತ್ರಿಯ ಹಬೆಯೂ ಕೇಳಿಸುತ್ತದೆ. ಅದು ಇರಲಿ ಎಂದೆ. ‘ಉಚ್ಚಾರ ಶುದ್ಧವಿದೆ’ ಎಂದು ಬರೆದುಕೊಟ್ಟೆ. ಇಲಾಖೆ ಬಿಟ್ಟ ಮೇಲೆ ನಾನು ಒತ್ತಿದ ಮೊದಲ ಮುದ್ರೆ. ಹನ್ನೊಂದು ಮಂದಿ ದಡ ಸೇರಿದರು. ಹನ್ನೆರಡನೆಯವನಾಗಿ ನಾನೂ ಸೇರಿದೆ. ಸೇತುವೆಯ ಮೇಲೆ ಮೊದಲ ಬಾರಿ ನಡೆಯುವ ದೋಣಿಗಾರ ಕೆಳಗಿನ ನೀರನ್ನು ನೋಡಿ ಏನು ಹೇಳುತ್ತಾನೆಂಬುದನ್ನು ನೀನೇ ಓದಿ ತಿಳಿ. ಲಾಂಡ್ರಿಗೆ ಇಪ್ಪತ್ತನೆಯ ಪುಸ್ತಕ ಬಂದಿದೆ, ಅಡುಗೆಯದು. ಈಗ ಫೋನ್ ಎತ್ತಿದರೆ ಆಕೆ ಸ್ಪಷ್ಟವಾಗಿ, “ಹೇಳಿ ಸಾರ್” ಎನ್ನುತ್ತಾಳೆ. ಎದ್ದು ನಿಲ್ಲುವ ಅಭ್ಯಾಸ ಮಾತ್ರ ನನಗೇ ಉಳಿದುಬಿಟ್ಟಿದೆ.

ಕಳೆದ ವಾರ ಗ್ರಂಥಪಾಲಕಿ ಫೋನ್ ಮಾಡಿ, ಹೊಸ ಓದು ಕಪಾಟಿಗೆ ಬಂದಿದೆ, ಹಳೆಯದನ್ನು ನಿಯಮದಂತೆ ಇವತ್ತು ಅಳಿಸುತ್ತೇವೆ ಎಂದಳು. ನನ್ನ ಬಾಯಿಂದ, “ಅಳಿಸಬೇಡಿ” ಎಂಬ ಮಾತು ಬಂತು.

“ತಪ್ಪಿರೋದು ಅಂತ ನೀವೇ ಬರೆದಿದ್ರಲ್ಲ ಸಾರ್, ನಾಲ್ಕು ಪುಟ?”

“ಬರೆದಿದ್ದೆ.”

“ಮತ್ತೆ ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?”

ಪರ, ವಿರೋಧ ಎರಡೂ ಕಡೆ ನಿಂತು ಮಾತಾಡಿ ಪಾರಿತೋಷಕ ತಂದವನು ನಾನು. ಅಂಥವನು, ದಯವಿಟ್ಟು ಮೊದಲ ಅಧ್ಯಾಯವನ್ನಾದರೂ ನನಗೆ ಕೊಡಿ ಎಂದಷ್ಟೇ ಕೇಳಿಕೊಂಡೆ. ಬುಧವಾರ ಬನ್ನಿ, ನಿಮ್ಮ ಯಂತ್ರಕ್ಕೆ ಹಾಕಿಕೊಡುತ್ತೇನೆ ಎಂದಳು. ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ನಾನು ಕೇಳಲಿಲ್ಲ. ಇಂಥ ಪ್ರಶ್ನೆಯನ್ನು ನಾನು ಕೇಳದೆ ಬಿಟ್ಟದ್ದು ಇದೇ ಮೊದಲು.

ಲಾಂಡ್ರಿಯವಳು ಸುದ್ದಿ ತಿಳಿದು ಮುನಿಸಿಕೊಂಡಳು. ನಾಲ್ಕು ತಿಂಗಳು ಬಾಯಿ ತಿರುಚಿ ಕಲಿತದ್ದು ನಿಮ್ಮ ಸಲುವಾಗಿ, ಕೊನೆಗೆ ನೀವೇ ಹಳೆಯದನ್ನು ಇಟ್ಟುಕೊಂಡಿರಾ ಎಂದು ಕೇಳಿದಳು. ಹೊಸದು ಎಲ್ಲರಿಗೆ, ಹಳೆಯದು ನನಗೆ ಎಂದೆ. ಅದಕ್ಕೆ ಅವಳು, “ನಿಮ್ಮ ಕೋಟು ಕೊಟ್ಟುಹೋಗಿ ಸಾರ್, ಗುಂಡಿ ಸಡಿಲ ಆಗಿದೆ” ಎಂದಳು.

ಇವತ್ತು ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ಆ ಅಧ್ಯಾಯ ಹಾಕಿಕೊಂಡೆ. “ಅಳೆಯ ಒಳೆ ಅರಿಯುವ ಆದಿಗೆ...” ಅಡುಗೆಮನೆಯ ನಲ್ಲಿ ನಿಂತಿತು. ನಿನ್ನ ಅಮ್ಮ ಬಾಗಿಲವರೆಗೆ ಬಂದದ್ದು ತಿಳಿಯಿತು. ಕೈಯ ನೀರು ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. “ಸ್ವಲ್ಪ ಜೋರಾಗಿ ಇಡಿ” ಎಂದಳು. ಇಟ್ಟೆ. ಅಧ್ಯಾಯ ಮುಗಿಯುವವರೆಗೆ ಅವಳು ಅಲ್ಲೇ ನಿಂತು ಕೇಳಿದಳು. ಆಮೇಲೆ ಇಬ್ಬರೂ ಕೂಡಿ ಹೊಟ್ಟೆ ತುಂಬ ಉಂಡೆವು. ನೆಮ್ಮದಿ ಎಂಬ ಪದವನ್ನು ನಾನು ಸುಲಭವಾಗಿ ಬಳಸುವವನಲ್ಲ, ಇಂದು ಬಳಸುತ್ತಿದ್ದೇನೆ.

ನೀನು, ಅಳಿಯಂದಿರು, ಮಕ್ಕಳು ಆರೋಗ್ಯವಾಗಿರಿ. ನಿನ್ನ ವಾದಗಳು ಮೊನಚಾಗಿಯೂ ಮನಸ್ಸು ಮೆತ್ತಗೂ ಇರಲಿ. ಎರಡನೆಯದನ್ನು ನನ್ನಿಂದ ಕಲಿಯುವ ಭಾಗ್ಯ ನಿನಗಿರಲಿಲ್ಲ.

ಹರಸುವ,
ಅಪ್ಪ

ತಾ.ಕ. — ನಿನ್ನ ತೀರ್ಪಿಗೆ ಒಂದು ದಾಖಲೆ ಸಲ್ಲಿಸುವುದು ಉಳಿದಿದೆ. ನನ್ನ ಕಣ್ಣಿನ ಕೊನೆಯ ಬೆಳಕು ಆರಿದ ತಿಂಗಳು, ನಿನ್ನ ತಮ್ಮ ಇದೇ ಪುಸ್ತಕದ ಮೊದಲ ಅಧ್ಯಾಯವನ್ನು ತನ್ನ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ತಂದಿದ್ದ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅದನ್ನು ನನ್ನ ಕೈಗಿಟ್ಟು, “ಅಪ್ಪಾ, ನಾನು ಓದ ಮೇಲೆ ಕೇಳಿ” ಎಂದ. ‘ಹೋದ ಮೇಲೆ’ ಅನ್ನು ಎಂದು ತಿದ್ದಿದೆ. ಅವನು ಹೊರಡುವ ಮುನ್ನವೇ ಮೊದಲ ವಾಕ್ಯ ಕೇಳಿ ನಿಲ್ಲಿಸಿ, “ಕಣ್ಣು ಹೋಯಿತು, ಕಿವಿಯನ್ನಾದರೂ ಉಳಿಸು. ಅದನ್ನು ಅಳಿಸು” ಎಂದೆ. ಉಳಿಸು, ಅಳಿಸು, ಪ್ರಾಸಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡೆ. ಅವನೂ ನಕ್ಕ. ನಗುತ್ತಲೇ ನನ್ನೆದುರಿಗೆ ಅಳಿಸಿದ. ಫೋನು ಸಣ್ಣಗೆ ಟಿಕ್ ಎಂದಿತು. ವರ್ಷ ತುಂಬುವ ಮೊದಲೇ ಹನ್ನೊಂದು ದಿನದ ಜ್ವರ ಅವನನ್ನು ಒಯ್ದಿತು. ಗೋಡೆಯ ಮೇಲಿನ ಅವನ ಚಿತ್ರ ನಿಮಗೆಲ್ಲ ಅವನು; ನನ್ನ ಬೆರಳಿಗೆ ಅದು ತಣ್ಣಗಿನ ಗಾಜು. ಅವನ ದನಿಯ ಒಂದು ತುಣುಕೂ ನನ್ನ ಬಳಿಯಿಲ್ಲ. ಲಾಂಡ್ರಿಯವಳ ದನಿ ಅವನದಲ್ಲ, ಬಲ್ಲೆ. ಆದರೆ ಅವಳ ಹಳೆಯ ಓದಿನಲ್ಲಿ ಹಕಾರ ಬಿದ್ದುಹೋದ ಪ್ರತಿ ಜಾಗದಲ್ಲೂ ಅವನು ಒಂದು ಕ್ಷಣ ಬಂದು ಕೂರುತ್ತಾನೆ. ಮೇಲೆ ‘ಹರಸುವ’ ಎಂದು ಸಹಿ ಮಾಡಿದ್ದೇನೆ, ಅದು ನಿನಗೆ. ಅವನಿಗೆ ಬರೆಯುವುದಿದ್ದರೆ ಆ ಪದವನ್ನು ಅವನ ಉಚ್ಚಾರದಲ್ಲೇ ಬರೆದು, ತಿದ್ದದೆ ಬಿಡುತ್ತಿದ್ದೆ: ಅರಸುವ ಅಪ್ಪ.